6144

ಗುರುವಾರ, 14 ನವೆಂಬರ್ 2024

ಮೂರು ದಿನಗಳಿಂದ ಕಾಡುತ್ತಿದ್ದ ದೋಷ ಇಂದು ಸಂಜೆ ಕೈಗೆ ಸಿಕ್ಕಿತು. ನಮ್ಮ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ರಿಸ್ಕ್-ಫೈವ್ ಎಂಬ ಬಗೆಯ ಪ್ರೊಸೆಸರ್‌ಗೆ, ಇನ್‌ಸ್ಟ್ರಕ್ಷನ್‌ಗಳ ಹೆಸರುಗಳನ್ನು ಬಿಟ್‌ಗಳಾಗಿಸುವ ಅಸೆಂಬ್ಲರ್‌ನ ನೆರವಿಲ್ಲದೆ ನೇರವಾಗಿ ಮಷೀನ್ ಕೋಡ್ ಬರೆಯುವುದರಿಂದ, ಸಂಖ್ಯೆಯೊಂದು ಮಿತಿ ಮೀರಿದರೆ ನಡುವೆ ತಡೆದು ಹೇಳುವವರಿಲ್ಲ. ದೂರಿನ ಜೊತೆ ಬಂದಿದ್ದ ನಾನೂರು ಸಾಲಿನ ಪ್ರೋಗ್ರಾಮನ್ನು ಕತ್ತರಿಸುತ್ತ ಕತ್ತರಿಸುತ್ತ ಒಂಬತ್ತು ಸಾಲಿಗೆ ಇಳಿಸಿದ್ದೆವು: ಮತ್ತೊಂದನ್ನು ಕರೆಯದ ಒಂದು ಫಂಕ್ಷನ್, ಅದರೊಳಗೆ ತಲಾ ಎಂಟು ಬೈಟ್‌ಗಳ ಪೂರ್ಣಾಂಕಗಳ ಅರೇ (ಸಾಲಾಗಿ ಜೋಡಿಸಿದ ಪಟ್ಟಿ), ಅದನ್ನು ತುಂಬುವ ಲೂಪ್. ಅದು ಮುಗಿಯುವ ಹೊತ್ತಿಗೆ ಅದನ್ನು ಕರೆದ ಫಂಕ್ಷನ್‌ನ ವೇರಿಯಬಲ್‌ಗಳು ಕೆಟ್ಟಿರುತ್ತಿದ್ದವು. ಇಂಥ ಅರೇಗಾಗಿ ಫಂಕ್ಷನ್ ಮೆಮೊರಿಯಲ್ಲಿ ಕಾಯ್ದಿರಿಸಿಕೊಳ್ಳುವ ಜಾಗವೇ ಸ್ಟ್ಯಾಕ್ ಫ್ರೇಮ್.

ತಂಡಕ್ಕೆ ಹೊಸದಾಗಿ ಸೇರಿರುವ ಸಹೋದ್ಯೋಗಿ ಅರೇಯನ್ನು ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದವರು ತಟ್ಟನೆ ಕೇಳಿದರು: “ಸರ್, ಸ್ಟ್ಯಾಕ್ ಫ್ರೇಮ್ 5008 ಬೈಟ್ ಇದ್ದರೂ ಸರಿ, 8192 ಇದ್ದರೂ ಸರಿ, 6144ಕ್ಕೆ ಮಾತ್ರ ಕೆಡುತ್ತದೆ. ದೊಡ್ಡದಾಗಿದ್ದೇ ಕಾರಣವಾದರೆ 8192ಕ್ಕೂ ಕೆಡಬೇಕಿತ್ತಲ್ಲವೇ?”

“ಅದನ್ನು ಬೈನರಿಯಲ್ಲಿ ಬರೆಯಿರಿ, ನೋಡೋಣ” ಎಂದೆ. ಹಾಳೆಯ ಮೇಲೆ 1 1000 0000 0000 ಎಂದು ಬರೆದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಷ್ಟು ದೊಡ್ಡ ಸಂಖ್ಯೆಯನ್ನು ರಿಜಿಸ್ಟರಿಗೆ (ಪ್ರೊಸೆಸರ್‌ನೊಳಗಿನ ಪುಟ್ಟ ಸಂಗ್ರಹಕ್ಕೆ) ತುಂಬಲು ಎರಡು ಇನ್‌ಸ್ಟ್ರಕ್ಷನ್ ಬೇಕು. ಎಲ್‌ಯುಐ ಮೇಲಿನ 20 ಬಿಟ್‌ಗಳನ್ನು ಇಡುತ್ತದೆ, ಆಡ್‌ಐ ಕೆಳಗಿನ 12ನ್ನು ಕೂಡಿಸುತ್ತದೆ. ಆದರೆ ಆಡ್‌ಐ ತನ್ನ 12 ಬಿಟ್‌ಗಳನ್ನು ಚಿಹ್ನೆ ಸಹಿತ ಓದುವುದರಿಂದ, ಅವುಗಳಲ್ಲಿ ಮೊದಲನೆಯದು 1 ಆಗಿದ್ದರೆ 2048 ಎಂದು ನಾವು ಬರೆದದ್ದು ಅದಕ್ಕೆ −2048 ಆಗುತ್ತದೆ. 4096ಕ್ಕೆ 2048 ಕೂಡಿಸುವ ಬದಲು ಕಳೆದು, ನಮ್ಮ ಕೋಡ್ 6144 ಬೇಕಾದಲ್ಲಿ 2048 ಬೈಟ್‌ಗಳನ್ನಷ್ಟೇ ಕಾಯ್ದಿರಿಸಿತ್ತು; ಅರೇಯ ಉಳಿದ ಭಾಗ ಕರೆದ ಫಂಕ್ಷನ್‌ನ ಜಾಗದ ಮೇಲೆ ಬೀಳುತ್ತಿತ್ತು. 5008, 8192 ಎರಡರಲ್ಲೂ ಆ ಬಿಟ್ 0, ಹಾಗಾಗಿ ಕೆಡಲಿಲ್ಲ. ಮೇಲಿನ ಭಾಗವನ್ನು ಬೇರ್ಪಡಿಸುವ ಮೊದಲೇ 2048 ಸೇರಿಸಿಕೊಂಡರೆ ಎಲ್‌ಯುಐ 8192 ಇಡುತ್ತದೆ, ಆಡ್‌ಐ 2048 ಕಳೆಯುತ್ತದೆ, ಲೆಕ್ಕ ಸರಿಹೋಗುತ್ತದೆ. ಒಂದೇ ಸಾಲಿನ ತಿದ್ದುಪಡಿ. ಆ ಸಾಲನ್ನು ಎರಡು ವರ್ಷದ ಹಿಂದೆ ಬರೆದವನು ನಾನೇ.

ದೂರು ಕಳಿಸಿದವರ ಪತ್ರವನ್ನು ಮತ್ತೆ ತೆರೆದು ಓದಿದೆ. “ತಪ್ಪು ನನ್ನದೇ ಇರಬಹುದು” ಎಂದೇ ಅದು ಆರಂಭವಾಗುತ್ತದೆ; ಒಂದು ವಾರ ತಮ್ಮ ಕೋಡಿನಲ್ಲೇ ಹುಡುಕಿದರಂತೆ. ಕಂಪೈಲರನ್ನು ಜನ ಅಷ್ಟು ನಂಬುತ್ತಾರೆ. ಅವರಿಗೆ ಇಂದೇ ಉತ್ತರ ಬರೆಯಬೇಕೆಂದು ಕುಳಿತೆ, ಆದರೆ ಮೆಮೊರಿಗೆ ಬರೆಯುವ ಸ್ಟೋರ್ ಇನ್‌ಸ್ಟ್ರಕ್ಷನ್‌ಗಳ ಆಫ್‌ಸೆಟ್‌ಗೂ (ಎಷ್ಟು ದೂರದಲ್ಲಿ ಬರೆಯಬೇಕೆಂಬ ಸಂಖ್ಯೆಗೂ) ಅದೇ ಚಿಹ್ನೆ ಸಹಿತ 12 ಬಿಟ್‌ಗಳೇ ಇರುವುದು, ಆ ಫೈಲನ್ನೂ ಅದೇ ತಿಂಗಳಲ್ಲಿ ಬರೆದದ್ದು, ಅದರಲ್ಲಿ ನಾನು