ನಿಮ್ಮ ಸರ್ಟಿಫಿಕೇಟ್ ನಮ್ಮ ಅಂಗಡಿಗೆ ಕೊಡುತ್ತೀರಾ?

ಮುಲುಂಡ್‌ನ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವ ನನ್ನನ್ನು ಊರಿನವರು, ನೆಂಟರು, ಮದುವೆಮನೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಕೇಳುವ ಪ್ರಶ್ನೆಯೊಂದಿದೆ. "ನಮ್ಮ ಹುಡುಗ ಒಂದು ಮೆಡಿಕಲ್ ಹಾಕಬೇಕೆಂದಿದ್ದಾನೆ. ನಿಮ್ಮ ಸರ್ಟಿಫಿಕೇಟ್ ಅಲ್ಲಿ ಗೋಡೆಗೆ ಹಾಕಿಕೊಳ್ಳಬಹುದಾ? ನೀವು ಬರಬೇಕೆಂದೇನೂ ಇಲ್ಲ, ತಿಂಗಳಿಗೆ ಇಷ್ಟು ಅಂತ ಕೊಟ್ಟುಬಿಡುತ್ತೇವೆ." ಕಳೆದ ಚೌತಿಯ ದಿನ ಹೀಗೆ ಕೇಳಿದವರು ನನ್ನ ಯಜಮಾನರ ದೊಡ್ಡಪ್ಪನ ಮಗ, ಠಾಣೆಯಲ್ಲಿ ಎರಡು ಹೋಟೆಲು ನಡೆಸುವ ಭಾವ. ಅವರ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ. ಹೋಟೆಲಿನ ಗಲ್ಲಾದ ಹಿಂದೆ ಕಟ್ಟು ಹಾಕಿಸಿ ತೂಗುಹಾಕಿದ ಲೈಸೆನ್ಸುಗಳ ಸಾಲಿನಲ್ಲಿ ನನ್ನ ಫಾರ್ಮಸಿಸ್ಟ್ ನೋಂದಣಿಯ ಪತ್ರವೂ ಒಂದು ಕಾಗದ ಎಂದು ಅವರು ಸಹಜವಾಗಿಯೇ ತಿಳಿದಿದ್ದರು. ನನ್ನ ಉತ್ತರ ಪ್ರತಿ ಸಲವೂ "ಇಲ್ಲ" ಎಂದೇ ಇರುತ್ತದೆ. ಏಕೆ ಎಂಬುದನ್ನು ಊಟದ ಪಂಕ್ತಿಯಲ್ಲಿ ಕೂತು ಹೇಳಿ ಮುಗಿಸಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಗೊಂದಲ ಹುಟ್ಟುವುದು ಎರಡು ಬೇರೆ ಬೇರೆ ಕಾಯ್ದೆಗಳನ್ನು ಒಂದೇ ಎಂದು ಎಣಿಸುವುದರಿಂದ. ಔಷಧಿಯನ್ನು ತಯಾರಿಸುವುದು, ದಾಸ್ತಾನು ಮಾಡುವುದು ಮತ್ತು ಮಾರುವುದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಗೆ ಹಾಗೂ ಅದರ ಅಡಿಯಲ್ಲಿ 1945ರಲ್ಲಿ ಬಂದ ನಿಯಮಗಳಿಗೆ ಒಳಪಟ್ಟಿದೆ. ಅಂಗಡಿಗೆ ಲೈಸೆನ್ಸ್ ಸಿಗುವುದು ಇದರ ಪ್ರಕಾರ. ಮಹಾರಾಷ್ಟ್ರದಲ್ಲಿ ಅದನ್ನು ಕೊಡುವುದು ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಮುಖ್ಯ ಕಚೇರಿಯಿರುವ ಆಹಾರ ಮತ್ತು ಔಷಧ ಆಡಳಿತ ಇಲಾಖೆ. ನಮ್ಮ ಮಾತಿನಲ್ಲಿ ಎಫ್‌ಡಿಎ. ಫಾರ್ಮಸಿಸ್ಟ್ ಎಂಬ ವ್ಯಕ್ತಿಯನ್ನು ನಿಯಂತ್ರಿಸುವುದು 1948ರ ಫಾರ್ಮಸಿ ಕಾಯ್ದೆ. ಯಾವ ಓದು ಓದಬೇಕು, ಯಾವ ಕಾಲೇಜಿಗೆ ಮಾನ್ಯತೆ ಕೊಡಬೇಕು ಎಂಬುದನ್ನು ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ತೀರ್ಮಾನಿಸುತ್ತದೆ. ಓದಿದವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡುವುದು ಆಯಾ ರಾಜ್ಯದ ಕೌನ್ಸಿಲ್. ನಾನು ಕರ್ನಾಟಕದಲ್ಲಿ ಓದಿ ಅಲ್ಲಿಯೇ ನೋಂದಣಿ ಮಾಡಿಸಿಕೊಂಡವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ನೋಂದಣಿಯನ್ನು ಮಹಾರಾಷ್ಟ್ರದ ಕೌನ್ಸಿಲ್ಲಿಗೆ ವರ್ಗಾಯಿಸಿಕೊಳ್ಳಬೇಕಾಯಿತು. ಅದರ ಕಚೇರಿ ಮುಲುಂಡ್‌ನಲ್ಲೇ, ಇಎಸ್‌ಐಎಸ್ ಆಸ್ಪತ್ರೆಯ ಆವರಣದಲ್ಲಿ ಇದ್ದುದರಿಂದ ನಡೆದೇ ಹೋಗಿ ಬರಬಹುದಾಗಿತ್ತು ಎಂಬುದೊಂದೇ ಆ ಓಡಾಟದ ಸಮಾಧಾನ. ಲೈಸೆನ್ಸಿನ ಮೇಲೆ ಅಂಗಡಿಯ ವಿಳಾಸ ಇರುತ್ತದೆ, ಅದು ಆ ವಿಳಾಸ ಬಿಟ್ಟು ಕದಲುವುದಿಲ್ಲ. ನೋಂದಣಿ ನನ್ನ ಹೆಸರಿಗೆ ಅಂಟಿಕೊಂಡದ್ದು, ನಾನು ಹೋದಲ್ಲಿಗೆ ಬರುತ್ತದೆ. ನನ್ನನ್ನು ಬಿಟ್ಟು ಅದೊಂದೇ ಎಲ್ಲಿಗೂ ಹೋಗುವಂತಿಲ್ಲ.

ಈ ವ್ಯವಸ್ಥೆ ಹೀಗೆ ಎರಡು ಕವಲಾಗಿ ಬೆಳೆದದ್ದಕ್ಕೂ ಹಿನ್ನೆಲೆಯಿದೆ. ಕಲಬೆರಕೆ ಮತ್ತು ಸತ್ವವಿಲ್ಲದ ಔಷಧಿಗಳ ದೂರು ಹೆಚ್ಚಿದಾಗ 1930ರಲ್ಲಿ ಸರ್ಕಾರ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಮರುವರ್ಷ ಬಂದ ಅದರ ವರದಿ ಔಷಧಿಗೂ ಕಾನೂನು ಬೇಕು, ಔಷಧಿ ಕೊಡುವವನಿಗೂ ಕಾನೂನು ಬೇಕು ಎಂದಿತು. ಮೊದಲನೆಯದು ಆಗಲು ಒಂಬತ್ತು ವರ್ಷ ಹಿಡಿಯಿತು, ಎರಡನೆಯದು ಸ್ವಾತಂತ್ರ್ಯ ಬರುವವರೆಗೆ ಕಾಯಿತು. ಆಗ ಡಾಕ್ಟರರ ಪಕ್ಕದಲ್ಲಿ ಇರುತ್ತಿದ್ದವರು ಕಾಂಪೌಂಡರುಗಳು: ಬಾಟಲಿಯ ಹೊರಗೆ ಗುರುತಿನ ಕಾಗದದ ಪಟ್ಟಿ ಅಂಟಿಸಿ, ಒಳಗೆ ಗುಲಾಬಿ ಬಣ್ಣದ ಮಿಕ್ಸ್‌ಚರ್ ತುಂಬಿ ಕೊಡುತ್ತಿದ್ದವರು. 1948ರ ಕಾಯ್ದೆ ಅವರನ್ನು ಬೀದಿಗೆ ಹಾಕಲಿಲ್ಲ. ಮೊದಲ ರಿಜಿಸ್ಟರ್ ಸಿದ್ಧವಾಗುವಾಗ, ಆಸ್ಪತ್ರೆ ಅಥವಾ ದವಾಖಾನೆಯಲ್ಲಿ ಐದು ವರ್ಷ ಔಷಧಿ ಬೆರೆಸಿದ ಅನುಭವ ಇದ್ದವರಿಗೂ ಹೆಸರು ಬರೆಸಲು ಅವಕಾಶ ಕೊಟ್ಟಿತು. ಆಮೇಲೆ ಬಂದವರಿಗೆ ಓದು ಕಡ್ಡಾಯವಾಯಿತು: ಎರಡು ವರ್ಷದ ಡಿ.ಫಾರ್ಮ್ ಮತ್ತು ಅದರ ನಂತರದ ಪ್ರಾಯೋಗಿಕ ತರಬೇತಿ, ಇಲ್ಲವೇ ನಾಲ್ಕು ವರ್ಷದ ಬಿ.ಫಾರ್ಮ್.

ಅಂಗಡಿಯ ಕಾನೂನು ಮತ್ತು ವ್ಯಕ್ತಿಯ ಕಾನೂನು ಒಂದಕ್ಕೊಂದು ಸೇರುವುದು 1945ರ ನಿಯಮಗಳಲ್ಲಿನ ನಿಯಮ 65ರಲ್ಲಿ. ಡಾಕ್ಟರರ ಚೀಟಿಯ ಮೇಲೆ ಕೊಡುವ ಯಾವುದೇ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಸ್ವತಃ ಕೊಡಬೇಕು ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎಂದು ಅಲ್ಲಿದೆ. ಭಾವನಿಗೆ ನಾನು ಒತ್ತಿ ಹೇಳಿದ್ದು ಈ "ಖುದ್ದು" ಎಂಬ ಒಂದು ಪದವನ್ನು. ಮೇಲ್ವಿಚಾರಣೆ ಎಂದಷ್ಟೇ ಇದ್ದಿದ್ದರೆ ಫೋನಿನಲ್ಲಿ ಮಾಡುತ್ತೇನೆ, ವಾರಕ್ಕೊಮ್ಮೆ ಬಂದು ನೋಡುತ್ತೇನೆ ಎಂದೆಲ್ಲ ವಾದಿಸಬಹುದಿತ್ತು. ಕಾನೂನು ಬರೆದವರು ಆ ಸಂದನ್ನು ಬಿಟ್ಟಿಲ್ಲ. ಮಾತ್ರವಲ್ಲ, ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಶೆಡ್ಯೂಲ್ ಎಚ್‌ನಂಥ ಪಟ್ಟಿಗಳಲ್ಲಿರುವ ಔಷಧಿ ಹೊರಗೆ ಹೋಗುವಾಗ ಬಿಲ್ಲಿನಲ್ಲಿ ಅಥವಾ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ದಿನಾಂಕ, ಡಾಕ್ಟರ್ ಮತ್ತು ರೋಗಿಯ ಹೆಸರು ವಿಳಾಸ, ಔಷಧಿಯ ಹೆಸರು, ಪ್ರಮಾಣ, ತಯಾರಿಸಿದ ಕಂಪನಿ, ಬ್ಯಾಚ್ ನಂಬರ್, ಎಕ್ಸ್‌ಪೈರಿ ಇಷ್ಟೂ ಬರೆದು ಕೊನೆಗೆ ಫಾರ್ಮಸಿಸ್ಟಿನ ಸಹಿ ಬೀಳಬೇಕು. 2014ರ ಮಾರ್ಚ್‌ನಿಂದ ಜಾರಿಯಾದ ಎಚ್1 ಎಂಬ ಪಟ್ಟಿಯ ಔಷಧಿಗಳಿಗೆ, ಅಂದರೆ ಕೆಲವು ಬಲವಾದ ಆಂಟಿಬಯೋಟಿಕ್, ಟಿಬಿ ಔಷಧಿ, ಅಲ್ಪ್ರಜೋಲಮ್‌ನಂಥ ನಿದ್ದೆ–ಆತಂಕದ ಮಾತ್ರೆಗಳಿಗೆ, ಪ್ರತ್ಯೇಕ ರಿಜಿಸ್ಟರನ್ನೇ ಇಟ್ಟು ಮೂರು ವರ್ಷ ಕಾಪಾಡಬೇಕು.

ಹಾಗಾದರೆ ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟವರ ಸಹಿ ಎಲ್ಲಿಂದ ಬರುತ್ತದೆ? ನಾನು ಮುಂಬಯಿಗೆ ಬಂದ ಹೊಸತರಲ್ಲಿ ಕೆಲಸ ಕೇಳಿಕೊಂಡು ಹೋಗಿದ್ದ ಒಂದು ಅಂಗಡಿಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಮಾಲೀಕರು ಕೌಂಟರಿನ ಕೆಳಗಿನಿಂದ ಬಿಲ್ ಪುಸ್ತಕ ತೆಗೆದರು. ಮೇಲಿನ ಹತ್ತಿಪ್ಪತ್ತು ಹಾಳೆಗಳು ಬರೆದವು. ಅವುಗಳ ಕೆಳಗಿನ ಖಾಲಿ ಹಾಳೆಗಳಲ್ಲಿಯೂ ಬಲಬದಿಯ ಮೂಲೆಯಲ್ಲಿ ಒಂದೇ ನೀಲಿ ಶಾಯಿಯಲ್ಲಿ ಒಂದೇ ಸಹಿ, ಪುಸ್ತಕದ ಕೊನೆಯವರೆಗೆ. ಸಹಿ ಮಾಡಿದವರು ತಿಂಗಳ ಮೊದಲ ವಾರ ಬಂದು ಹೋಗುತ್ತಾರೆ, ಈಗ ಅವರು ಬಿಡುತ್ತಿರುವುದರಿಂದ ನೀವು ಹಾಗೆಯೇ ಮಾಡಿದರೆ ಸಾಕು ಎಂದರು. ಇನ್ನೂ ಚೀಟಿ ಬಾರದ ರೋಗಿಗೆ, ಇನ್ನೂ ಕಂಪನಿಯಿಂದ ಬಾರದ ಬ್ಯಾಚಿಗೆ ಯಾರೋ ಈಗಾಗಲೇ ಹೊಣೆ ಹೊತ್ತಾಗಿತ್ತು. ನಾನು ಚಹಾ ಕೂಡ ಕುಡಿಯದೆ ಎದ್ದು ಬಂದೆ. ಅಂದು ನನಗೆ ಕೆಲಸದ ಅಗತ್ಯ ತುಂಬ ಇತ್ತು ಎಂಬುದನ್ನೂ ಹೇಳಬೇಕು.

ಫಾರ್ಮಸಿಸ್ಟ್ ಅಲ್ಲಿ ನಿಂತಿದ್ದರೆ ಏನು ವ್ಯತ್ಯಾಸವಾಗುತ್ತದೆ, ಸ್ಟ್ರಿಪ್ ತೆಗೆದು ಕೊಡಲು ಓದು ಏಕೆ ಬೇಕು ಎಂದು ಕೇಳುವವರಿಗೆ ಒಂದೇ ಒಂದು ಚೀಟಿಯ ಕತೆ ಹೇಳುತ್ತೇನೆ. ಕುಂದಾಪುರ ಕಡೆಯ ಅಜ್ಜಿಯೊಬ್ಬರು ಗಂಟುನೋವಿನ ಚೀಟಿ ತಂದಿದ್ದರು. ಅದರಲ್ಲಿ ಮೆಥೋಟ್ರೆಕ್ಸೇಟ್ ಇತ್ತು. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು; ತಪ್ಪಿ ದಿನವೂ ನುಂಗಿದರೆ ಬಾಯಿ ಹುಣ್ಣಾಗುವುದರಿಂದ ಶುರುವಾಗಿ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ಡಾಕ್ಟರು ವಾರಕ್ಕೊಮ್ಮೆ ಎಂದು ಸರಿಯಾಗಿಯೇ ಬರೆದಿದ್ದರು, ಆದರೆ ಇಂಗ್ಲಿಷಿನಲ್ಲಿ. ಮಾತ್ರೆಯನ್ನು ಕವರಿಗೆ ಹಾಕುತ್ತ, ಹೇಗೆ ತಕ್ಕೊಳ್ಳುತ್ತೀರಿ ಅಜ್ಜಿ ಎಂದು ಕೇಳಿದೆ. "ದಿನಾ ರಾತ್ರಿಗೆ ಒಂದ್ ಅಲ್ದಾ ಮಗಾ?" ಎಂದರು. ಉಳಿದ ಮಾತ್ರೆಗಳೆಲ್ಲ ರಾತ್ರಿಯವು, ಇದೂ ಹಾಗೆಯೇ ಎಂದುಕೊಂಡಿದ್ದರು. ಕವರಿನ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ "ಭಾನುವಾರ ಮಾತ್ರ" ಎಂದು ಬರೆದೆ, ಅವರ ಮಗನಿಗೂ ಫೋನ್ ಮಾಡಿ ಹೇಳಿದೆ. ಇದು ನನ್ನ ಒಳ್ಳೆಯತನವೆಂದು ಯಾರೂ ತಿಳಿಯಬಾರದು. ಚೀಟಿ ತಂದವರೊಂದಿಗೆ ಔಷಧಿಯ ಪ್ರಮಾಣ, ವೇಳೆ, ಅಡ್ಡಪರಿಣಾಮ, ಇಟ್ಟುಕೊಳ್ಳುವ ಬಗೆ ಇವುಗಳ ಕುರಿತು ಫಾರ್ಮಸಿಸ್ಟ್ ತಾನೇ ಮಾತನಾಡಬೇಕೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಹೇಳುತ್ತದೆ. ಗೋಡೆಯ ಮೇಲಿನ ಸರ್ಟಿಫಿಕೇಟ್ ಅಜ್ಜಿಯನ್ನು ಏನನ್ನೂ ಕೇಳುತ್ತಿರಲಿಲ್ಲ.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಭಾವನ ಮುಂದಿನ ಪ್ರಶ್ನೆಯಾಗಿತ್ತು. ವ್ಯಾಪಾರಸ್ಥರಿಗೆ ಅದು ಸಹಜವಾದ ಪ್ರಶ್ನೆ. ಅಂಗಡಿಯ ಲೈಸೆನ್ಸನ್ನು ಎಫ್‌ಡಿಎ ಅಮಾನತಿನಲ್ಲಿಡಬಹುದು, ರದ್ದು ಮಾಡಬಹುದು. ನನ್ನ ಹೆಸರನ್ನು ಕೌನ್ಸಿಲ್ ವಿಚಾರಣೆ ನಡೆಸಿ ರಿಜಿಸ್ಟರಿನಿಂದ ತೆಗೆದುಹಾಕಬಹುದು. ಅಲ್ಲಿಗೆ ನನ್ನ ಓದು ವ್ಯರ್ಥವಾದಂತೆ. ಇವೆರಡನ್ನು ಎಲ್ಲರೂ ಊಹಿಸುತ್ತಾರೆ. ಯಾರೂ ಊಹಿಸದೆ ಇರುವುದು ಮೂರನೆಯದು. ಫಾರ್ಮಸಿ ಕಾಯ್ದೆಯ 42ನೆಯ ಕಲಮಿನ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಚೀಟಿಯ ಮೇಲೆ ಔಷಧಿ ಕೊಡುವುದೇ ಅಪರಾಧ, ಅದಕ್ಕೆ ಜೈಲೂ ಇದೆ. ಮೂಲ ಕಾಯ್ದೆಯಲ್ಲಿ ಆರು ತಿಂಗಳವರೆಗಿನ ಸೆರೆ ಅಥವಾ ಸಾವಿರ ರೂಪಾಯಿವರೆಗಿನ ದಂಡ ಎಂದಿತ್ತು. 2023ರ ಜನ ವಿಶ್ವಾಸ್ ತಿದ್ದುಪಡಿ ಕಾಯ್ದೆ ಈ ಶಿಕ್ಷೆಯ ಪ್ರಮಾಣವನ್ನು ಬದಲಿಸಿತು. ಈ ಕಲಮು ಮೊದಲು ಹಿಡಿಯುವುದು ಔಷಧಿ ಕೊಟ್ಟ ಕೈಯನ್ನು. ಆ ಕೈ ಸಾಮಾನ್ಯವಾಗಿ ಸಂಬಳಕ್ಕೆ ನಿಂತ, ಹತ್ತನೆಯದೋ ಹನ್ನೆರಡನೆಯದೋ ಓದಿ ಊರಿನಿಂದ ಬಂದ ಹುಡುಗನದು. ಸಹಿಯ ಬಾಡಿಗೆ ಪಡೆದವರು ಮನೆಯಲ್ಲಿರುತ್ತಾರೆ, ಲಾಭ ಪಡೆದವರು ಹೋಟೆಲಿನಲ್ಲಿರುತ್ತಾರೆ, ಇನ್ಸ್‌ಪೆಕ್ಟರ್ ಒಳಗೆ ಬಂದಾಗ ಕೌಂಟರಿನಲ್ಲಿರುವವನು ಅವನೊಬ್ಬನೇ. ನಾನು ಈ ವ್ಯವಹಾರವನ್ನು ಅಸಹ್ಯಪಡಲು ಇದೇ ದೊಡ್ಡ ಕಾರಣ.

ಡಾಕ್ಟರುಗಳು ತಮ್ಮ ಕ್ಲಿನಿಕ್ಕಿನಲ್ಲೇ ಮಾತ್ರೆ ಕಟ್ಟಿಕೊಡುವುದಿಲ್ಲವೇ ಎಂದು ಕೇಳಿದರೆ, ಕೊಡಬಹುದು. ತಮ್ಮ ಸ್ವಂತ ರೋಗಿಗಳಿಗೆ ಮಾತ್ರ ಕೊಡಲು ಅದೇ 42ನೆಯ ಕಲಮಿನಲ್ಲಿ ಅವರಿಗೆ ವಿನಾಯಿತಿ ಇದೆ. ಕಿರಾಣಿ ಅಂಗಡಿಯವರು ಲೈಸೆನ್ಸ್ ಇಲ್ಲದೆ ಪ್ಯಾರಾಸಿಟಮಾಲ್ ಇಡಲು ಇರುವ ವಿನಾಯಿತಿ ಸಾವಿರಕ್ಕೆ ಮೀರದ ಜನಸಂಖ್ಯೆಯ ಹಳ್ಳಿಗೆ. ನಮ್ಮ ಚಾಳಿನ ಒಂದು ಗಲ್ಲಿಯಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದಾರೆ.

ಹಾಗೆಂದು ಓದದವರು ಮೆಡಿಕಲ್ ಅಂಗಡಿ ಹಾಕಲೇಬಾರದು ಎಂದು ಕಾನೂನು ಹೇಳುವುದಿಲ್ಲ, ಇದನ್ನು ನಾನು ಭಾವನಿಗೆ ಸ್ಪಷ್ಟವಾಗಿಯೇ ತಿಳಿಸಿದೆ. ಬಂಡವಾಳ ಹಾಕುವವರು ಫಾರ್ಮಸಿಸ್ಟ್ ಆಗಿರಬೇಕಿಲ್ಲ. ಕನಿಷ್ಠ ಹತ್ತು ಚದರ ಮೀಟರ್ ಜಾಗ, ಲಸಿಕೆ–ಇನ್ಸುಲಿನ್ ಇಡಲು ಫ್ರಿಜ್ಜು, ಮತ್ತು ಅಂಗಡಿ ತೆರೆದಿರುವಷ್ಟು ಹೊತ್ತೂ ಒಳಗೆ ಇರುವ ಒಬ್ಬ ಫಾರ್ಮಸಿಸ್ಟ್ ಬೇಕು. ಫಾರ್ಮಸಿಸ್ಟ್ ಬದಲಾದರೆ ಅದನ್ನು ಎಫ್‌ಡಿಎಗೆ ತಿಳಿಸಬೇಕು. ಲೆಕ್ಕ ತಪ್ಪುವುದು "ತೆರೆದಿರುವಷ್ಟು ಹೊತ್ತೂ" ಎಂಬಲ್ಲಿ. ನಮ್ಮ ಕಡೆ ಬೆಳಿಗ್ಗೆ ಎಂಟಕ್ಕೆ ಷಟರ್ ಎತ್ತಿದರೆ ರಾತ್ರಿ ಹನ್ನೊಂದಕ್ಕೆ ಇಳಿಸುತ್ತಾರೆ, ಅಂದರೆ ಹದಿನೈದು ಗಂಟೆ. ಒಬ್ಬ ಮನುಷ್ಯ ಅಷ್ಟು ಹೊತ್ತು ನಿಲ್ಲಲಾರ. ಆದ್ದರಿಂದ ಪ್ರಾಮಾಣಿಕವಾಗಿ ನಡೆಸಬೇಕೆಂದರೆ ಇಬ್ಬರಿಗೆ ಸಂಬಳ ಕೊಡಬೇಕು, ಇಲ್ಲವೇ ಫಾರ್ಮಸಿಸ್ಟ್ ಊಟಕ್ಕೆ ಹೋದಾಗ ಚೀಟಿಯವರನ್ನು ಕಾಯಿಸಬೇಕು. ನಮ್ಮ ಅಂಗಡಿಯಲ್ಲಿ ನಾವು ಇಬ್ಬರಿದ್ದೇವೆ; ನಾನು ನಾಲ್ಕು ಗಂಟೆಗೆ ಏಪ್ರನ್ ಕಳಚಿದಾಗ ಇನ್ನೊಬ್ಬರು ತೊಟ್ಟಿರುತ್ತಾರೆ. ನಮ್ಮ ಮಾಲೀಕರು ಎರಡನೆಯ ಸಂಬಳದ ಬಗ್ಗೆ ತಿಂಗಳಿಗೊಮ್ಮೆ ಗೊಣಗುತ್ತಾರೆ, ಕೊಡುವುದನ್ನು ಮಾತ್ರ ತಪ್ಪಿಸುವುದಿಲ್ಲ.

ಇಷ್ಟು ಕೇಳಿದ ಮೇಲೆ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋಲ್‌ಸೇಲಿಗೂ ಹೀಗೆಯೇ ಏನು ಎಂದು ಕೇಳಿದರು. ಇಲ್ಲ ಎಂದೆ. ಅಲ್ಲಿ ರೋಗಿ ಎದುರಿಗೆ ಬರುವುದಿಲ್ಲವಾದ್ದರಿಂದ ಫಾರ್ಮಸಿಸ್ಟೇ ಬೇಕೆಂದಿಲ್ಲ. ಪದವಿಯಾಗಿ ಔಷಧಿ ಮಾರಾಟದಲ್ಲಿ ಒಂದು ವರ್ಷ ಅಥವಾ ಹತ್ತನೆಯ ತರಗತಿ ಪಾಸಾಗಿ ನಾಲ್ಕು ವರ್ಷ ಅನುಭವ ಇದ್ದವರೂ ಆಗುತ್ತದೆ. ಅವರ ತಂಗಿಯ ಮಗ ಬಿ.ಕಾಂ. ಮುಗಿಸಿ ಒಬ್ಬ ಔಷಧಿ ಸ್ಟಾಕಿಸ್ಟರ (ಸಗಟು ಮಾರಾಟಗಾರರ) ಬಳಿ ಎರಡು ವರ್ಷದಿಂದ ಇದ್ದಾನೆ. ಭಾವ ಕಡುಬಿನ ತಟ್ಟೆ ಪಕ್ಕಕ್ಕಿಟ್ಟು ಅವನಿಗೆ ಫೋನ್ ಹಚ್ಚಿದರು.