"ನಿಷೇಧಿಸಲಾಗಿದೆ" ಅಂತ ಬರೆದು ಬೈಸ್ಕೊಂಡಿದ್ದು

ಪೇಪರಿನ ನ್ಯೂಸ್ ಡೆಸ್ಕಿಗೆ ಸೇರಿ ಇನ್ನೂ ವರ್ಷ ಆಗಿರ್ಲಿಲ್ಲ, 2022ರ ಡಿಸೆಂಬರ್ 20, ನೈಟ್ ಶಿಫ್ಟು. ವರ್ಲ್ಡ್ ಕಪ್ ಗೆದ್ದ ಮೆಸ್ಸಿ ಟೀಮಿನ ಮೆರವಣಿಗೆ ಫೋಟೋಗಳು ರಾಶಿ ರಾಶಿ ಬೀಳ್ತಿದ್ವು, ಅದ್ರ ಮಧ್ಯೆ ಅಫ್ಗಾನಿಸ್ತಾನದ ಕಾಬೂಲಿಂದ ನ್ಯೂಸ್ ಏಜೆನ್ಸಿ ಕಳಿಸಿದ ಕಾಪಿ, ಹುಡುಗೀರಿಗೆ ಇನ್ಮುಂದೆ ಯೂನಿವರ್ಸಿಟಿ ಇಲ್ಲ ಅಂತ. ಗಡಿಬಿಡೀಲಿ ಕನ್ನಡ ಮಾಡಿ "ಇಸ್ಲಾಂ ದೇಶದಲ್ಲಿ ಹೆಣ್ಮಕ್ಕಳ ಉನ್ನತ ಶಿಕ್ಷಣಕ್ಕೆ ನಿಷೇಧ" ಅಂತ ಹೆಡ್ಡಿಂಗ್ ಕೊಟ್ಟೆ, ಒಳಗೆ "ನಿಷೇಧಿಸಲಾಗಿದೆ".

ಚೀಫ್ ಸಬ್ ಎಡಿಟರ್ ಕರೆದ್ರು. "ಲಾಗಿದೆ ಲಾಗಿದೆ ಅಂತೀಯಲ್ಲ, ಮಾಡಿದ್ದು ಯಾರಪ್ಪಾ?"

"ತಾಲಿಬಾನ್, ಸರ್."

"ಮತ್ತೆ ಹೆಡ್ಡಿಂಗಲ್ಲಿ ಎಲ್ಲೋದ್ರು ಅವ್ರು?"

ಸಿಂಗಲ್ ಕಾಲಂ ಸುದ್ದಿಗೆ ಇಷ್ಟೊಂದಾ ಅಂತ ಕಿರಿಕಿರಿ ಆಯ್ತು ನಿಜ. ಆದ್ರೆ ಮುಂದಿನ ದಿನಗಳಲ್ಲಿ ಬಂದ ಕಾಪಿ ನೋಡಿ, ಸೌದಿ, ಕತಾರ್, ಟರ್ಕಿ ಎಲ್ಲಾ ಈ ಆದೇಶ ಸರಿಯಿಲ್ಲ ಅಂದ್ವು, ಸುನ್ನಿ ಮುಸ್ಲಿಮರ ದೊಡ್ಡ ವಿದ್ಯಾಕೇಂದ್ರ, ಕೈರೋದ ಅಲ್ ಅಜರ್‌ನ ದೊಡ್ಡ ಇಮಾಮರೇ ಇದು ಶರಿಯಾಗೆ ವಿರುದ್ಧ ಅಂದ್ರು. ತಾಲಿಬಾನ್ ಸಚಿವ ಟೀವೀಲಿ ಕೊಟ್ಟ ಕಾರಣಗಳಲ್ಲಿ ಒಂದು, ಹುಡುಗೀರು ಮದ್ವೆಗೆ ಹೋಗೋ ಥರ ಡ್ರೆಸ್ ಮಾಡ್ಕೊಂಡು ಬರ್ತಾರಂತೆ! ನನ್ನ ಹೆಡ್ಡಿಂಗ್ ಹಾಗೇ ಹೋಗಿದ್ರೆ ಬಾಗಿಲು ಹಾಕಿದೋರು, ಅದನ್ನ ಬೈದೋರು, ಗೇಟಿನ ಹೊರಗೆ ಅಳ್ತಾ ನಿಂತ ಹುಡುಗೀರು, ಎಲ್ರೂ ಒಂದೇ ಗುಂಪು. ಆ ಹುಡುಗೀರೂ ಮುಸ್ಲಿಮರೇ ಅಲ್ವಾ.

ಹಾಗಂತ ಧರ್ಮದ ಮಾತೇ ಎತ್ತಬಾರ್ದು ಅಂತಲ್ಲ, ಆದೇಶ ಬರೋದೇ ಧರ್ಮದ ಹೆಸ್ರಲ್ಲಿ, ಅದನ್ನ ಮುಚ್ಚಿಟ್ರೆ ಅದೂ ಸುಳ್ಳೇ. ನಾನೀಗ ಮಾಡೋದಿಷ್ಟೇ, ಯಾರು, ಯಾವತ್ತು, ಏನು ಕಿತ್ಕೊಂಡ್ರು ಅಂತ ಒಂದು ಹಳೇ ಡೈರೀಲಿ ಬರೆದಿಟ್ಕೋತೀನಿ. 2021ರ ಸೆಪ್ಟೆಂಬರಲ್ಲಿ ಹುಡುಗೀರ ಹೈಸ್ಕೂಲು ಹೋಯ್ತು. 2022ರ ಮಾರ್ಚ್ 23ಕ್ಕೆ ತೆಗೀತೀವಿ ಅಂತ ಕರೆಸಿ, ಬ್ಯಾಗ್ ಹಾಕ್ಕೊಂಡು ಬಂದ ಮಕ್ಕಳನ್ನ ಕೆಲವೇ ಗಂಟೇಲಿ ವಾಪಸ್ ಕಳಿಸಿದ್ರು, ಡೈರೀಲಿ ನಂಗೆ ಇವತ್ತಿಗೂ ತಡ್ಕೊಳೋಕೆ ಆಗ್ದೇ ಇರೋ ಸಾಲು ಇದೇ. 2024ರ ಆಗಸ್ಟಲ್ಲಿ ಹೆಂಗಸರ ದನಿ ಹೊರಗೆ ಕೇಳಬಾರ್ದು ಅಂತ ಕಾನೂನು.

ಅದೇ 2024ರ ಡಿಸೆಂಬರಲ್ಲಿ ಹೆಣ್ಮಕ್ಕಳ ನರ್ಸಿಂಗ್, ಸೂಲಗಿತ್ತಿ ತರಬೇತೀನೂ ನಿಂತೋಯ್ತು. ಕೆಲವು ಕಡೆ ಗಂಡಸು ಡಾಕ್ಟರು ಹೆಂಗಸರನ್ನ ಮುಟ್ಟಿ ನೋಡೋ ಹಾಗಿಲ್ಲ, ಇನ್ನು ಹೆಂಗಸರೂ ಕಲಿಯೋ ಹಾಗಿಲ್ಲ ಅಂದ್ರೆ ಹೆರಿಗೆ ಮಾಡ್ಸೋರ್ಯಾರು? ಆ ಸುದ್ದಿ ಬಂದ ದಿನ ನನ್ನ ಹೆಡ್ಡಿಂಗ್ ಉದ್ದ ಆಗಿ, ಪೇಜ್ ಮಾಡೋ ಹುಡುಗ ಒಂದು ಪದ ತೆಗೀರಿ ಸರ್ ಅಂದ. "ಅಫ್ಗಾನ್" ತೆಗೆದೆ, "ತಾಲಿಬಾನ್" ಉಳಿಸ್ದೆ.