ಹತ್ತು ಸಾವಿರ ಅಡಿಯ ಕೆಳಗೆ ಇನ್ನೂರೈವತ್ತು

ಕಳೆದ ವಾರ ದೆಹಲಿಯಿಂದ ಬೆಂಗಳೂರಿಗೆ ಬಂದ ಸರದಿಯಲ್ಲಿ ವಿಮಾನ ಇಳಿಸುವ ಕೆಲಸ ನನ್ನದಾಗಿತ್ತು. ಹತ್ತು ಸಾವಿರ ಅಡಿಯ ಕೆಳಗೆ ವೇಗ 250 ನಾಟ್ ಮೀರಬಾರದು ಎನ್ನುವುದು ನಿಯಮ; ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿ.ಮೀ. 12,000 ಅಡಿಗೆ ಬರುವ ಮೊದಲೇ ವೇಗ ತಗ್ಗಿಸಲು ತೊಡಗಿದೆ. ಮೂಗು ಮೆಲ್ಲನೆ ಮೇಲೆದ್ದಿತು. ಪರದೆಯ ಮೇಲಿನ ವೇಗದ ಪಟ್ಟಿ 300 ನಾಟ್‌ನಿಂದ ಒಂದೊಂದೇ ಅಂಕಿ ಸರಿಯುತ್ತ 250ಕ್ಕೆ ಬಂದು ನಿಂತಿತು. ಪಕ್ಕದಲ್ಲಿದ್ದ ಕ್ಯಾಪ್ಟನ್ ಲ್ಯಾಂಡಿಂಗ್ ದೀಪ ಹಾಕಿದರು, ಏನೂ ಹೇಳಲಿಲ್ಲ. ಹತ್ತು ಸಾವಿರ ಅಡಿಯ ಕೆಳಗೆ ಕೆಲಸಕ್ಕೆ ಹೊರತಾದ ಮಾತು ನಮ್ಮಲ್ಲಿ ಇಲ್ಲ. ಹಾಗಾಗಿ ವಾದ ಶುರುವಾದದ್ದು ಮನೆಗೆ ಬಿಡುವ ವ್ಯಾನಿನಲ್ಲಿ, ಸಾದಹಳ್ಳಿ ಟೋಲ್ ದಾಟುವ ಮೊದಲೇ.

"ಅಷ್ಟು ಬೇಗ ಯಾಕಮ್ಮ ನಿಧಾನ ಮಾಡಿದೆ?" ಎಂದರು. ಧಾರವಾಡದವರು, ದೊಡ್ಡ ವಿಮಾನಗಳಲ್ಲಿ ವರ್ಷಗಟ್ಟಲೆ ಹೊರದೇಶಗಳಿಗೆ ಹೋಗಿಬಂದವರು. ಅವರ ಪ್ರಕಾರ 250 ನಾಟ್ ಎನ್ನುವುದು ರೇಡಾರ್ ಮಸುಕಾಗಿದ್ದ ಕಾಲದ ನಿಯಮ. ಜರ್ಮನಿಯಲ್ಲಿ ಎಷ್ಟೋ ಸಲ ಎಟಿಸಿಯವರೇ, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರೇ, ಆ ಮಿತಿಯನ್ನು ತೆಗೆದುಬಿಡುತ್ತಾರೆ. ತುಂಬಿದ 747 ವಿಮಾನ ಫ್ಲಾಪ್ (ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯಲು ರೆಕ್ಕೆಯಿಂದ ಹೊರಚಾಚುವ ಹಲಗೆ) ಬಿಡದೆ 250ರಲ್ಲಿ ಹಾರುವುದೇ ಕಷ್ಟ. ಈಗ ಡಿಕ್ಕಿಯ ಎಚ್ಚರಿಕೆ ಕೊಡುವ ಟಿಸಿಎಎಸ್ ಇದೆ. ನಿರ್ಧಾರವನ್ನು ನಿಯಂತ್ರಕರಿಗೆ ಬಿಡಬೇಕು ಎನ್ನುವುದು ಅವರ ಪಟ್ಟು.

747ರ ಮಾತನ್ನು ನಾನು ಒಪ್ಪುತ್ತೇನೆ. ಅಂಥ ವಿಮಾನಗಳಿಗೆ ಅಮೆರಿಕದ ನಿಯಮದಲ್ಲೂ ವಿನಾಯಿತಿ ಇದೆ. ಉಳಿದದ್ದನ್ನು ಒಪ್ಪುವುದಿಲ್ಲ.

ಈ ನಿಯಮದ ಹಿಂದೆ 1960ರ ಡಿಸೆಂಬರ್ 16 ಇದೆ. ಆ ಬೆಳಿಗ್ಗೆ ನ್ಯೂಯಾರ್ಕ್ ಮೇಲೆ ಮೋಡ ಕವಿದಿತ್ತು. ಯುನೈಟೆಡ್‌ನ ಡಿಸಿ-8 ಜೆಟ್ ಸುತ್ತುಹಾಕುತ್ತ ಕಾಯಬೇಕಿದ್ದ ಜಾಗವನ್ನು ದಾಟಿ ಮುಂದೆ ನುಗ್ಗಿತು. ಅದರ ಎರಡು ದಿಕ್ಸೂಚಕ ರೇಡಿಯೊಗಳಲ್ಲಿ ಒಂದು ಕೆಟ್ಟಿತ್ತು, ವೇಗ ಸುಮಾರು 300 ನಾಟ್. ಸ್ಟೇಟನ್ ಐಲೆಂಡ್ ಮೇಲೆ ಅದು ಟಿಡಬ್ಲ್ಯುಎ ಕಂಪನಿಯ ಕಾನ್‌ಸ್ಟಲೇಷನ್ ವಿಮಾನಕ್ಕೆ ಹೊಡೆಯಿತು. ಎರಡೂ ವಿಮಾನಗಳಲ್ಲಿದ್ದ 128 ಮಂದಿ ಮತ್ತು ನೆಲದ ಮೇಲಿದ್ದ 6 ಮಂದಿ ಸತ್ತರು. ಡಿಸಿ-8 ಬಿದ್ದದ್ದು ಬ್ರೂಕ್ಲಿನ್‌ನ ಪಾರ್ಕ್ ಸ್ಲೋಪ್ ಬೀದಿಗಳ ಮೇಲೆ. ಅದರಲ್ಲಿದ್ದ 11 ವರ್ಷದ ಹುಡುಗನೊಬ್ಬ ಮರುದಿನದವರೆಗೆ ಬದುಕಿದ್ದ. ಅವನ ಜೇಬಿನಲ್ಲಿದ್ದ ಚಿಲ್ಲರೆ ನಾಣ್ಯಗಳನ್ನು ಅವನು ತೀರಿಕೊಂಡ ಆಸ್ಪತ್ರೆಯಲ್ಲಿ ಸ್ಮರಣಫಲಕಕ್ಕೆ ಕೂಡಿಸಿ ಇಟ್ಟಿದ್ದಾರೆ. ಇದನ್ನು ಓದಿದ ಮೇಲೆ 250 ನನಗೆ ಬರೀ ಅಂಕಿಯಾಗಿ ಉಳಿದಿಲ್ಲ.

"ಅದು ಡಿಕ್ಕಿಯ ಕಥೆ. ಈಗ ಹಾಗಾಗುವುದಿಲ್ಲ" ಎಂದರು ಕ್ಯಾಪ್ಟನ್.

ಹಕ್ಕಿಗಳ ಬಳಿ ಟಿಸಿಎಎಸ್‌ಗೆ ಉತ್ತರ ಕೊಡುವ ಯಂತ್ರ ಇಲ್ಲವಲ್ಲ ಸರ್ ಎಂದೆ. ಕೆಲಸಕ್ಕೆ ಸೇರಿದ ಮೊದಲ ವರ್ಷದ ಒಂದು ಸಂಜೆ, ನೆಲದಿಂದ ಎರಡು ಸಾವಿರ ಅಡಿ ಎತ್ತರದಲ್ಲಿ ಹದ್ದೊಂದು ನಮ್ಮ ವಿಮಾನದ ಮೂತಿಗೆ ಬಡಿಯಿತು. ಆಗ ವೇಗ 180 ನಾಟ್. ಇಳಿದ ಮೇಲೆ ಟಾರ್ಚ್ ಹಿಡಿದು ನೋಡಿದೆ. ಬೊಗಸೆಯಷ್ಟು ಅಗಲದ ತಗ್ಗು, ಅದರ ಅಂಚಿನಲ್ಲಿ ಅಂಟಿಕೊಂಡು ನಡುಗುತ್ತಿದ್ದ ಒಂದು ಕಂದು ಗರಿ. ಮುಕ್ಕಾಲು ಕೆಜಿ ತೂಗುವ ಹಕ್ಕಿ ಮಾಡಿದ ಕೆಲಸ ಅದು. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 250ರಲ್ಲಿ ಬಡಿದಿದ್ದರೆ ಹೆಚ್ಚುಕಡಿಮೆ ಎರಡರಷ್ಟು. 250ರಿಂದ 300ಕ್ಕೆ ಹೋದರೆ ಇನ್ನೂ ಶೇ. 44ರಷ್ಟು ಜಾಸ್ತಿ.

"ಹದ್ದುಗಳು ಅಷ್ಟು ಮೇಲೆ ಎಲ್ಲಿ ಬರುತ್ತವೆ?" ಎಂದು ಕೇಳಿದರು. 1962ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ವೈಕೌಂಟ್ ವಿಮಾನವೊಂದರ ಬಾಲಕ್ಕೆ ಹಂಸಗಳು ಬಡಿದದ್ದು 6,000 ಅಡಿಯಲ್ಲಿ. 17 ಜನ ಹೋದರು. ಅದಾದ ಮೇಲೆಯೇ ದೊಡ್ಡ ವಿಮಾನಗಳ ಬಾಲ 8 ಪೌಂಡ್ ತೂಕದ ಹಕ್ಕಿಯ ಹೊಡೆತ ತಾಳಬೇಕೆಂಬ ನಿಯಮ ಬಂತು.

ಇನ್ನು ಬೆಂಗಳೂರಿನ ಲೆಕ್ಕ. ನಮ್ಮ ಹತ್ತು ಸಾವಿರ ಅಡಿ ಸಮುದ್ರಮಟ್ಟದಿಂದ ಎಣಿಸಿದ್ದು. ದೇವನಹಳ್ಳಿಯ ನೆಲವೇ 3,000 ಅಡಿ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಆ ಮಿತಿಯ ಕೆಳಗೆ ನಿಧಾನವಾಗಿ ಹಾರಬೇಕಾದ ಗಾಳಿಯ ಪದರ ಒಂಬತ್ತೂವರೆ ಸಾವಿರ ಅಡಿ ದಪ್ಪ ಇದ್ದರೆ ಇಲ್ಲಿ ಏಳೇ ಸಾವಿರ. ನಾನು ಬೆಂಗಳೂರಿಗೆ ಬರುವಾಗ ಬೇಗ ನಿಧಾನಿಸುವುದು ಇದಕ್ಕೇ.

"ಹಾಗಾದರೆ ಲೇಹ್‌ನಲ್ಲಿ ಏನು ಮಾಡುತ್ತೀಯ? ಅಲ್ಲಿ ರನ್‌ವೇಯೇ 10,682 ಅಡಿಯಲ್ಲಿದೆ. ನಿನ್ನ ನಿಯಮ ನೆಲದೊಳಗೆ ಹೂತುಹೋಗುತ್ತದೆ."

"ಅದನ್ನೇ ಸರ್ ನಾನೂ ಹೇಳುತ್ತಿರುವುದು. ಎತ್ತರದ ಊರುಗಳಲ್ಲಿ ನೆಲದಿಂದ ಎಣಿಸಬೇಕು."

ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತರು. ಆಮೇಲೆ ಸಮಯದ ಮಾತು ತೆಗೆದರು. ದಿನಕ್ಕೆ ಎಷ್ಟು ವಿಮಾನ, ಎಷ್ಟು ನಿಮಿಷ ನಷ್ಟ ಎಂದು. ನಾನು ಬೋರ್ಡಿಂಗ್ ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ಹತ್ತು ಸಾವಿರದಿಂದ ಕೆಳಗೆ 250ರಲ್ಲಿ ಸಾಗುವುದು ಹೆಚ್ಚೆಂದರೆ 20 ನಾಟಿಕಲ್ ಮೈಲಿ ಎಂದು ಇಟ್ಟುಕೊಂಡರೆ, ಗಾಳಿಯ ಲೆಕ್ಕ ಬಿಟ್ಟು 4 ನಿಮಿಷ 48 ಸೆಕೆಂಡು. 300ರಲ್ಲಿ 4 ನಿಮಿಷ. ಉಳಿಯುವುದು 48 ಸೆಕೆಂಡು.

ಅವರು ನಂಬಲಿಲ್ಲ. ಹೆಬ್ಬಾಳದಲ್ಲಿ ಇಳಿದು, ಚೀಲ ಹೆಗಲಿಗೇರಿಸಿ, ಮತ್ತೆ ವ್ಯಾನಿನ ಬಾಗಿಲಿಗೆ ಬಂದರು. "ಶುಕ್ರವಾರ ಮಂಗಳೂರಿಗೆ ನಾವಿಬ್ಬರೇ ಅಲ್ಲವೇ? ನಿನ್ನ 250ರಲ್ಲೇ ಇಳಿಸು. ಹತ್ತು ಸಾವಿರ ದಾಟಿದ ಹೊತ್ತು, ಫ್ಲಾಪ್ ಬಿಟ್ಟ ಹೊತ್ತು ಬರೆದಿಡೋಣ. ಇಳಿದ ಮೇಲೆ ಕೂತು ಲೆಕ್ಕ ಹಾಕೋಣ." ಚೀಟಿಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಹೋದರು.